ಬಿಲ್ಲಿನ ಒಂದು ಸಾಲಿಗೆ ಎಷ್ಟು ಹೊತ್ತು? ಸಗಟು ಔಷಧ ಮಳಿಗೆಯೊಂದರ ನೆಟ್‌ವರ್ಕ್ ದುರಸ್ತಿ

ಶಿವಮೊಗ್ಗದ ಒಂದು ಸಗಟು ಔಷಧ ಮಳಿಗೆ. ಕೆಳಗಡೆ ಕೌಂಟರ್ ಮತ್ತು ಆರು ಬಿಲ್ಲಿಂಗ್ ಕಂಪ್ಯೂಟರ್‌ಗಳು. ಮಹಡಿಯಲ್ಲಿ ಸರ್ವರ್ ಮತ್ತು ಲೆಕ್ಕಪತ್ರ ವಿಭಾಗದ ಮೂರು ಕಂಪ್ಯೂಟರ್‌ಗಳು. ಓಣಿಯಾಚೆ ಗೋದಾಮು, ಅಲ್ಲಿ ಎರಡು. ಸಾಗರದಲ್ಲಿ ಒಂದು ಚಿಕ್ಕ ಶಾಖೆ. ನೆಟ್‌ವರ್ಕ್ ನೋಡಲು ಹೋದ ನನಗೆ ಹೇಳಿದ ದೂರು ಇಷ್ಟೇ: ಸಂಜೆ ನಾಲ್ಕರ ಮೇಲೆ ಬಿಲ್ ಮುಂದಕ್ಕೆ ಹೋಗುವುದಿಲ್ಲ. ಮಾತ್ರೆಯ ಹೆಸರಿನ ಮೊದಲ ಮೂರು ಅಕ್ಷರ ಒತ್ತಿ ಪಟ್ಟಿ ತೆರೆಯುವವರೆಗೆ ಕಾಯಬೇಕು, ಬ್ಯಾಚ್ ಆರಿಸಿ ಎಂಟರ್ ಒತ್ತಿದ ಮೇಲೆ ಮತ್ತೆ ಕಾಯಬೇಕು. ನಲವತ್ತು ಸಾಲಿನ ಬಿಲ್ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆ ಮಾಲು ಒಯ್ಯುವ ವಾಹನದ ಚಾಲಕ ಬಾಗಿಲಿಗೆ ಬಂದು ನಿಂತಿರುತ್ತಾನೆ.

ತಂತ್ರಾಂಶ ಕೊಟ್ಟವರು ಸರ್ವರ್ ಹಳೆಯದಾಯಿತು ಎಂದಿದ್ದರು. ಇಂಟರ್ನೆಟ್ ಕೊಟ್ಟವರು ವೇಗದ ಪ್ಲಾನ್‌ಗೆ ಬದಲಾಯಿಸಿಕೊಳ್ಳಿ ಎಂದಿದ್ದರು. ಯಜಮಾನರ ಮೇಜಿನ ಮೇಲೆ ಹೊಸ ಸರ್ವರ್‌ನ ಕೊಟೇಶನ್ ಸಹಿಗಾಗಿ ಕಾದಿತ್ತು. "ನೀವು ಹೂಂ ಎಂದರೆ ನಾಳೆಯೇ ಮುಂಗಡ ಕೊಟ್ಟುಬಿಡುತ್ತೇನೆ ಸರ್" ಎಂದರು. "ಸ್ವಲ್ಪ ತಡೆಯಿರಿ, ಮೊದಲು ಬಿಲ್ ಎಲ್ಲಿ ನಿಲ್ಲುತ್ತಿದೆ ನೋಡೋಣ" ಎಂದೆ.

ನೋಡುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಕಾಗಲಿಲ್ಲ. ಸಂಜೆಯ ಗದ್ದಲದ ಹೊತ್ತಿನಲ್ಲೇ ಬಿಲ್ಲಿಂಗ್ ಹುಡುಗನೊಬ್ಬನನ್ನು ಮಹಡಿಗೆ ಕರೆದೊಯ್ದು ಸರ್ವರ್ ಮುಂದೆಯೇ ಕೂರಿಸಿ, ಅದೇ ಪಾರ್ಟಿಗೆ, ಅದೇ ಮಾಲಿಗೆ ಬಿಲ್ ಹಾಕಿಸಿದೆ. ಬೆರಳು ಎತ್ತುವುದರೊಳಗೆ ಸಾಲು ಮುಗಿಯುತ್ತಿತ್ತು. ಡಿಸ್ಕ್ ಅದೇ, ದತ್ತಾಂಶದ ಕಡತ ಅದೇ, ಉಳಿದ ಹತ್ತು ಜನ ಅದೇ ಕಡತಗಳ ಮೇಲೆ ಕೆಲಸ ಮಾಡುತ್ತಿರುವುದೂ ಅದೇ. ಅಲ್ಲಿಗೆ ಸರ್ವರ್ ನಿರಪರಾಧಿ. ಕೊಟೇಶನ್ ಡ್ರಾಯರ್ ಸೇರಿತು. ಲೆಕ್ಕಪತ್ರ ವಿಭಾಗದ ಹಿರಿಯರು "ನಮಗೇನೂ ಅಷ್ಟು ತೊಂದರೆಯಿಲ್ಲಪ್ಪ, ಕೆಳಗಿನವರದೇ ಗಲಾಟೆ" ಎಂದದ್ದನ್ನೂ ಬರೆದಿಟ್ಟುಕೊಂಡೆ. ಈ ಮಾತು ಆಮೇಲೆ ತುಂಬ ಉಪಯೋಗಕ್ಕೆ ಬಂತು.

ಬಿಲ್ಲಿನ ಒಂದು ಸಾಲಿನೊಳಗೆ ಏನು ನಡೆಯುತ್ತದೆ

ಈ ಬಗೆಯ ಬಿಲ್ಲಿಂಗ್ ತಂತ್ರಾಂಶಗಳು ನಮ್ಮ ಊರುಗಳ ಅಂಗಡಿಗಳಲ್ಲಿ ಇಂದಿಗೂ ಬಹಳ ಇವೆ. ಸರ್ವರ್ ಎಂದು ಕರೆದರೂ ಅದು ಕಡತಗಳನ್ನು ಹಂಚಿಕೊಡುವ ಒಂದು ಕಂಪ್ಯೂಟರ್ ಮಾತ್ರ. ಲೆಕ್ಕ ಮಾಡುವ ಕೆಲಸ ನಡೆಯುವುದು ಕೌಂಟರಿನ ಕಂಪ್ಯೂಟರಿನಲ್ಲಿ. ಔಷಧದ ಸೂಚಿ ಕಡತ ಓದು, ಬ್ಯಾಚ್ ಓದು, ಎಕ್ಸ್‌ಪೈರಿ ನೋಡು, ಹತ್ತಕ್ಕೊಂದು ಸ್ಕೀಮ್ ಇದೆಯೇ ನೋಡು, ಪಾರ್ಟಿಯ ಉದ್ರಿಯ ಮಿತಿ ನೋಡು, ಸ್ಟಾಕ್‌ನ ದಾಖಲೆಗೆ ಬೀಗ ಹಾಕು, ಕಳೆ, ಬರೆ, ಬೀಗ ತೆಗೆ. ಪ್ರತಿಯೊಂದೂ ನೆಟ್‌ವರ್ಕ್ ದಾಟಿ ಸರ್ವರ್‌ಗೆ ಹೋಗಿ ಬರುವ ಪುಟ್ಟ ವಿನಂತಿ, ಒಂದರ ಉತ್ತರ ಬರುವವರೆಗೆ ಇನ್ನೊಂದು ಹೊರಡುವುದಿಲ್ಲ. ತಂತಿಯಲ್ಲಿ ಸಾಗುವ ದತ್ತಾಂಶವನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿ ಎಣಿಸಿದರೆ ಬಿಲ್ಲಿನ ಒಂದು ಸಾಲಿಗೆ ಸುಮಾರು 400 ವಿನಂತಿಗಳು ಕಂಡವು.

ಇಲ್ಲಿಂದ ಮುಂದೆ ಬಾಯಿಲೆಕ್ಕ. ಒಂದು ವಿನಂತಿ ಹೋಗಿ ಬರಲು ಕಾಲು ಮಿಲಿಸೆಕೆಂಡು ಸಾಕಾದರೆ 400ಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಅದೇ 5 ಮಿಲಿಸೆಕೆಂಡು ಆದರೆ ಎರಡು ಸೆಕೆಂಡು. ಸಾಗಿದ ದತ್ತಾಂಶವಾದರೋ ಎರಡೂ ಸಲ ಒಂದೇ, ಒಂದು ಫೋಟೋದಷ್ಟೂ ಇಲ್ಲ. ಮನೆಯ ಹುಡುಗ ಸಾಮಾನಿನ ಚೀಟಿ ಹಿಡಿದು, ಒಂದೊಂದು ವಸ್ತುವಿಗೂ ಒಂದೊಂದು ಸಲ ಅಂಗಡಿಗೆ ಹೋಗಿ ಬರುತ್ತಿದ್ದರೆ ರಸ್ತೆಯನ್ನು ಅಗಲ ಮಾಡಿ ಏನು ಪ್ರಯೋಜನ? ಇಂಟರ್ನೆಟ್‌ನ ದೊಡ್ಡ ಪ್ಲಾನ್ ಈ ರೋಗಕ್ಕೆ ಮದ್ದಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಕೌಂಟರಿನಿಂದ ಮಹಡಿಗೆ ಹೋಗುವ ದತ್ತಾಂಶ ಇಂಟರ್ನೆಟ್‌ನ ಮುಖವನ್ನೇ ನೋಡುವುದಿಲ್ಲ ಎಂಬುದು ಬೇರೆ ಮಾತು.

ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಕೆಡುವುದಕ್ಕೂ ಕಾರಣ ಇಲ್ಲೇ ಇದೆ. ಒಂದು ಕಡತವನ್ನು ಒಬ್ಬರೇ ತೆರೆದಿರುವವರೆಗೆ ವಿಂಡೋಸ್ ಅದರ ಪ್ರತಿಯನ್ನು ಆ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಬಿಡುತ್ತದೆ, ಓದುವುದೆಲ್ಲ ಅಲ್ಲೇ ಮುಗಿಯುತ್ತದೆ. ಎರಡನೆಯವರು ಬರೆಯಲೆಂದು ಅದೇ ಕಡತವನ್ನು ತೆರೆದ ಕೂಡಲೇ ಆ ಸವಲತ್ತು ರದ್ದು. ಅಲ್ಲಿಂದ ಮುಂದೆ ಎಲ್ಲರೂ ಪ್ರತಿ ಓದಿಗೂ ಸರ್ವರ್‌ವರೆಗೆ ಹೋಗಲೇಬೇಕು. ಭಾನುವಾರ ಮಳಿಗೆ ಮುಚ್ಚಿದಾಗ ಒಬ್ಬರೇ ಕುಳಿತು ಪರೀಕ್ಷಿಸಿ "ಎಲ್ಲ ಸರಿಯಿದೆ" ಎಂದು ಹೇಳಿ ಹೋದವರು ಸುಳ್ಳು ಹೇಳಿರಲಿಲ್ಲ. ಅವರು ನೋಡಿದ್ದು ಬೇರೆಯದೇ ವ್ಯವಸ್ಥೆಯನ್ನು.

ತಂತಿಯ ಹಿಂದೆ ಹೋಗಿ ನಕ್ಷೆ ಬರೆದದ್ದು

ಕಾಗದ, ಪೆನ್ಸಿಲ್, ಟಾರ್ಚ್. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆ ಆ ಮಳಿಗೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಹುಡುಕಿ ಬರೆದ ಚಿತ್ರ ಹೀಗಿತ್ತು. ಬಾಗಿಲ ಬಳಿ ಇಂಟರ್ನೆಟ್‌ನ ಮೋಡೆಮ್-ರೂಟರ್, ಅದರಲ್ಲಿ ತಂತಿ ಚುಚ್ಚುವ ನಾಲ್ಕು ಪೋರ್ಟ್, ನಾಲ್ಕೂ 100 ಮೆಗಾಬಿಟ್‌ನವು. ಅದರ ಒಂದು ಪೋರ್ಟಿನಿಂದ ಬಿಲ್ಲಿಂಗ್ ಮೇಜಿನ ಕೆಳಗಿನ ಎಂಟು ಪೋರ್ಟಿನ ಸ್ವಿಚ್‌ಗೆ (ಹಲವು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ), ಅಲ್ಲಿಂದ ಐದು ಪೋರ್ಟಿನ ಇನ್ನೊಂದಕ್ಕೆ, ಅಲ್ಲಿಂದ ಗೋದಾಮಿಗೆ. ರೂಟರ್‌ನ ಇನ್ನೊಂದು ಪೋರ್ಟಿನಿಂದ ಮಹಡಿಯ ಸ್ವಿಚ್‌ಗೆ. ಸರ್ವರ್ ಇರುವುದು ಆ ಮಹಡಿಯ ಸ್ವಿಚ್‌ನಲ್ಲಿ. ಅಂದರೆ ಕೆಳಗಿನ ಪ್ರತಿಯೊಂದು ಬಿಲ್ಲೂ ಇಂಟರ್ನೆಟ್‌ನ ಅಗ್ಗದ ರೂಟರ್ ಮೂಲಕ ಹಾದು, ಒಂದೇ 100 ಮೆಗಾಬಿಟ್ ತಂತಿಯಲ್ಲಿ ಮಹಡಿ ಹತ್ತಬೇಕು. ಅದೇ ತಂತಿಯಲ್ಲಿ ಎಂಟು ಕ್ಯಾಮೆರಾಗಳ ಚಿತ್ರವೂ ಮಹಡಿಯ ರೆಕಾರ್ಡರ್‌ಗೆ ಹತ್ತುತ್ತಿತ್ತು. ಒಂದೊಂದಕ್ಕೆ 4 ಮೆಗಾಬಿಟ್ ಎಂದರೂ ಮೂರನೇ ಒಂದು ಭಾಗ ಅಲ್ಲಿಗೇ ಹೋಯಿತು.

ಆದರೂ ಇದರಿಂದಲೇ ಎರಡು ಮೂರು ಸೆಕೆಂಡಿನ ನಿಲುಗಡೆ ಹುಟ್ಟಬಾರದು. ಎರಡು ಕಂಪ್ಯೂಟರ್‌ಗಳ ನಡುವಿನ ವೇಗ ಅಳೆಯುವ ಐಪರ್ಫ್ ಓಡಿಸಿದೆ. ಸರಿಯಾಗಿರುವ 100 ಮೆಗಾಬಿಟ್ ಜಾಡಿನಲ್ಲಿ ಅದು 94ರ ಹತ್ತಿರ ತೋರಿಸಬೇಕು. ಕೆಳಗಿನಿಂದ ಮೇಲಕ್ಕೆ ಒಂದು ಅಂಕಿ, ಮೇಲಿನಿಂದ ಕೆಳಕ್ಕೆ ಅದರ ಹತ್ತನೇ ಒಂದು ಭಾಗವೂ ಇಲ್ಲದ ಇನ್ನೊಂದು ಅಂಕಿ. ಎದುರಿನ ಯಂತ್ರ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂದು ನೋಡುವ ಬರಿಯ ಪಿಂಗ್‌ನಲ್ಲಿ ಮಾತ್ರ ಒಂದು ಕಲೆಯೂ ಇಲ್ಲ. ಪಿಂಗ್ ಸರಿಯಿದೆ ಎಂದು ಕೈತೊಳೆದುಕೊಳ್ಳುವವರು ಈ ಜಾಗದಲ್ಲೇ ಎಡವುವುದು: ಪಿಂಗ್ ಕಳಿಸುವುದು ಸೆಕೆಂಡಿಗೊಂದು ಚಿಕ್ಕ ಪ್ಯಾಕೆಟ್ (ದತ್ತಾಂಶದ ತುಣುಕು), ಅದಕ್ಕೆ ಎದುರಿನಿಂದ ಬರುವ ಸಂಚಾರದ ಜೊತೆ ಡಿಕ್ಕಿಯಾಗುವ ಸಂದರ್ಭವೇ ಒದಗುವುದಿಲ್ಲ.

ಒಂದು ದಿಕ್ಕು ಸರಿ, ಇನ್ನೊಂದು ದಿಕ್ಕು ಹಾಳು, ಭಾರ ಬಿದ್ದಾಗ ಮಾತ್ರ ಹಾಳು. ಈ ಮೂರೂ ಕೂಡಿದರೆ ನನ್ನ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಹೊಂದಾಣಿಕೆ ತಪ್ಪಿರುವುದರ ಮೇಲೆ. ಫುಲ್ ಡ್ಯೂಪ್ಲೆಕ್ಸ್ ಎಂದರೆ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸಂಚಾರ, ಹಾಫ್ ಎಂದರೆ ಒಮ್ಮೆಗೆ ಒಂದೇ ದಿಕ್ಕು. ಮಹಡಿಯ ಸ್ವಿಚ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಗ್ಗಕ್ಕೆ ಬಂದ ಹಳೆಯ ಮಾಲು, ಯಾವುದೋ ಕಚೇರಿಯವರು ಕಳಚಿ ಮಾರಿದ್ದು. 24 ಪೋರ್ಟಿನ ಗಟ್ಟಿ ಪೆಟ್ಟಿಗೆ, ಒಳಗೆ ಹಳೆಯ ಕಚೇರಿಯ ಸೆಟ್ಟಿಂಗ್‌ಗಳು ಅಳಿಸದೆ ಹಾಗೆಯೇ ಉಳಿದಿದ್ದವು. ಕನ್ಸೋಲ್ ತಂತಿ ಚುಚ್ಚಿ ಒಳಹೊಕ್ಕರೆ ಮೊದಲ ನಾಲ್ಕು ಪೋರ್ಟ್‌ಗಳನ್ನು ಕೈಯಿಂದಲೇ "100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್" ಎಂದು ಬಿಗಿದಿಟ್ಟಿದ್ದರು. ಒಂದು ಕಾಲದಲ್ಲಿ ದೊಡ್ಡ ಕಚೇರಿಗಳಲ್ಲಿ ಮುಖ್ಯ ಜಾಡುಗಳಿಗೆ ಹೀಗೆ ಮಾಡುವ ವಾಡಿಕೆ ಇತ್ತು, ಎರಡೂ ತುದಿಯಲ್ಲಿ ಹಾಗೆಯೇ ಮಾಡಿದರೆ ಸರಿಯೂ ಹೌದು. ಇಲ್ಲಿ ಕೆಳಗಿನಿಂದ ಬರುವ ತಂತಿಯನ್ನು ಯಾರೋ ಸಹಜವಾಗಿ ಒಂದನೇ ಪೋರ್ಟಿಗೆ ಚುಚ್ಚಿದ್ದಾರೆ. ಆಚೆ ತುದಿಯ ರೂಟರ್ ಎಲ್ಲವನ್ನೂ ತಾನೇ ಮಾತಾಡಿ ನಿರ್ಧರಿಸುವ ಜಾತಿಯದು.

ಬಿಗಿದಿಟ್ಟ ಪೋರ್ಟ್ ಆ ಮಾತುಕತೆಗೆ ಉತ್ತರವನ್ನೇ ಕೊಡುವುದಿಲ್ಲ. ರೂಟರ್ ಸಂಕೇತವನ್ನು ನೋಡಿ ವೇಗ 100 ಎಂದು ಊಹಿಸಬಲ್ಲದು, ಆದರೆ ಡ್ಯೂಪ್ಲೆಕ್ಸ್ ಯಾವುದೆಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಹಾಗಿರುವಾಗ ಹಾಫ್ ಡ್ಯೂಪ್ಲೆಕ್ಸ್ ಎಂದು ಇಟ್ಟುಕೊಳ್ಳಬೇಕೆಂಬುದು ಈಥರ್ನೆಟ್‌ನ ನಿಯಮ. ಈಗ ಒಂದು ತುದಿಯಲ್ಲಿ ಏಕಕಾಲಕ್ಕೆ ಮಾತಾಡುತ್ತ ಕೇಳುವವನು, ಇನ್ನೊಂದು ತುದಿಯಲ್ಲಿ ಎದುರಿನ ದನಿ ಕೇಳಿದೊಡನೆ ಡಿಕ್ಕಿಯಾಯಿತೆಂದು ಬಾಯಿ ಮುಚ್ಚುವವನು. ಮಾತು ಅರ್ಧಕ್ಕೇ ತುಂಡು. ತುಂಡಾದ ಪ್ಯಾಕೆಟ್‌ಗಳು ಮಹಡಿಯ ಸ್ವಿಚ್‌ನ ಲೆಕ್ಕದಲ್ಲಿ ಸಿಆರ್‌ಸಿ ದೋಷಗಳಾಗಿ, ಅಂದರೆ ತಾಳೆ ಬೀಳದ ಪ್ಯಾಕೆಟ್‌ಗಳಾಗಿ, ನಮೂದಾಗುತ್ತವೆ. ಸಂಜೆಯ ಹೊತ್ತು ಆ ಅಂಕಿ ನೋಡುತ್ತಿದ್ದಂತೆಯೇ ಏರುತ್ತಿತ್ತು. ಮಹಡಿಯವರಿಗೆ ತೊಂದರೆ ಇರದ ಕಾರಣವೂ ಸಿಕ್ಕಿತು. ಅವರ ಕಂಪ್ಯೂಟರ್‌ಗಳೂ ಸರ್ವರೂ ಹತ್ತರ ಆಚೆಯ ಪೋರ್ಟ್‌ಗಳಲ್ಲಿದ್ದವು, ಅವುಗಳನ್ನು ಯಾರೂ ಬಿಗಿದಿರಲಿಲ್ಲ.

ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸುತ್ತಾರಲ್ಲ, ಅದಕ್ಕೇಕೆ ಸೆಕೆಂಡುಗಟ್ಟಲೆ? ದೊಡ್ಡ ಕಡತ ಇಳಿಯುತ್ತಿರುವಾಗ ಒಂದು ಪ್ಯಾಕೆಟ್ ಬಿದ್ದುಹೋದರೆ ಅದರ ಹಿಂದೆಯೇ ಬಂದ ಪ್ಯಾಕೆಟ್‌ಗಳು ನಡುವೆ ಒಂದು ಇಲ್ಲವೆಂದು ಸುದ್ದಿ ಮುಟ್ಟಿಸುತ್ತವೆ, ಮರುಕಳಿಕೆ ಕೂಡಲೇ ನಡೆಯುತ್ತದೆ. ಈ ತಂತ್ರಾಂಶದಲ್ಲಿ ಹಿಂದೆ ಬರುವವರೇ ಇಲ್ಲ. ಒಂದು ವಿನಂತಿ, ಒಂದು ಉತ್ತರ, ಅದು ಬಿದ್ದರೆ ಎರಡೂ ಕಡೆ ಮೌನ. ಕಾಯುವ ಅವಧಿ ಮುಗಿದ ಮೇಲಷ್ಟೇ ಮರುಕಳಿಕೆ, ಆ ಅವಧಿ ಕೆಲವು ನೂರು ಮಿಲಿಸೆಕೆಂಡು. ಮತ್ತೆ ಬಿದ್ದರೆ ಅದು ದುಪ್ಪಟ್ಟಾಗುತ್ತದೆ. 400 ವಿನಂತಿಗಳಲ್ಲಿ ನೂರಕ್ಕೊಂದು ಬಿದ್ದರೂ ನಾಲ್ಕು ಸಲ ಹೀಗೆ ನಿಲ್ಲಬೇಕು. ಎಂಟರ್ ಒತ್ತಿ ಹುಡುಗರು ಸೀಲಿಂಗ್ ನೋಡುತ್ತ ಕಳೆಯುತ್ತಿದ್ದ ಸಮಯ ಇದೇ.

ಆ ಪೋರ್ಟನ್ನು ಬಿಚ್ಚಿ ತಾನೇ ನಿರ್ಧರಿಸುವಂತೆ ಬಿಟ್ಟೆ. ಒಂದು ಪೈಸೆಯ ಖರ್ಚಿಲ್ಲ. ಆ ಸಂಜೆಯೇ ಬಿಲ್ಲಿನ ಸಾಲು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಯಜಮಾನರಿಗೆ ಅಷ್ಟಕ್ಕೇ ಸಾಕೆನಿಸಿತ್ತು. ನನಗೆ ಸಾಕೆನಿಸಲಿಲ್ಲ, ಏಕೆಂದರೆ ಫಾಲ್ಸ್ ಸೀಲಿಂಗ್ ಮೇಲೆ ಕಂಡದ್ದು ಕಣ್ಣ ಮುಂದಿತ್ತು.

ಸೀಲಿಂಗ್ ಮೇಲೆ

ಇಲಿ ಕಚ್ಚಿದ ಕೇಬಲ್, ಟ್ಯೂಬ್‌ಲೈಟ್‌ನ ಚೋಕಿಗೆ ಅಂಟಿಕೊಂಡು ಹೋದ ಕೇಬಲ್, ವಿದ್ಯುತ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ತುರುಕಿದ ಕೇಬಲ್. ಒಂದೇ ಕೇಬಲನ್ನು ಎರಡು ಕಂಪ್ಯೂಟರಿಗೆ ಹಂಚಿದ್ದೂ ಇತ್ತು: ಕಿತ್ತಳೆ, ಹಸಿರು ಜೋಡಿಗಳು ಒಂದಕ್ಕೆ, ನೀಲಿ, ಕಂದು ಜೋಡಿಗಳು ಇನ್ನೊಂದಕ್ಕೆ. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು, ಹಾಗಾಗಿ ಅದು ನಡೆಯುತ್ತಿತ್ತು. ಅದರ ಹತ್ತು ಪಟ್ಟಿನ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇ ಬೇಕು. ಕೇಬಲ್ ಉಳಿಸಿದವರ ಜಾಣತನ ಮುಂದಿನ ಹದಿನೈದು ವರ್ಷಗಳ ಕಾಲ ಆ ಎರಡು ಮೇಜುಗಳ ಕಾಲಿಗೆ ಹಗ್ಗ ಕಟ್ಟಿತ್ತು.

ಕೇಬಲಿನ ಮೈಮೇಲೆ ಗಿಗಾಬಿಟ್‌ಗೆ ಸಲ್ಲುವ ದರ್ಜೆಯಾದ ಕ್ಯಾಟ್-6 ಎಂದು ಅಚ್ಚಾಗಿತ್ತು. ಚಾಕುವಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ. ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವುದು ತಾಮ್ರದ ಶೇಕಡ 61ರಷ್ಟು ಮಾತ್ರ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಪೆಟ್ಟಿಗೆಗೆ ಒತ್ತಿ ಕೂರಿಸಿದ (ಪಂಚ್ ಮಾಡಿದ) ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ, ತಂತಿಯಲ್ಲೇ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗೆ ಹಾಕಿದರೆ ಬಿಸಿಯಾಗುತ್ತದೆ. ಹೀಗಿದ್ದರೂ ಕೇಬಲ್ ಪರೀಕ್ಷಿಸುವ ಸಾದಾ ದೀಪದ ಟೆಸ್ಟರ್ ಎಂಟೂ ದೀಪ ಬೆಳಗಿಸಿ ಸೈ ಎಂದುಬಿಡುತ್ತದೆ. ಅದು ನೋಡುವುದು ತಂತಿ ಮುಟ್ಟಿದೆಯೇ ಎಂಬುದನ್ನಷ್ಟೇ. ಜೋಡಿ ಅದಲುಬದಲಾಗಿ ತಿರುಚಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಹಳೆಯ ಕೇಬಲನ್ನು ಒಂದು ತುಂಡೂ ಉಳಿಸದೆ ಇಳಿಸಿದೆವು. ಹೊಸ ವಿನ್ಯಾಸದಲ್ಲಿ ಸರಪಳಿ ಇಲ್ಲ. ಸರ್ವರ್ ಪಕ್ಕದ ಗೋಡೆಗೆ ಒಂದು ಚಿಕ್ಕ ರ‍್ಯಾಕ್, ಅದರಲ್ಲಿ ಮೇಜುಗಳಿಂದ ಬರುವ ಕೇಬಲ್‌ಗಳು ಕೊನೆಗೊಳ್ಳುವ 24 ಪೋರ್ಟಿನ ಪ್ಯಾಚ್ ಪ್ಯಾನೆಲ್, 24 ಪೋರ್ಟಿನ ಗಿಗಾಬಿಟ್ ಮ್ಯಾನೇಜ್ಡ್ ಸ್ವಿಚ್. ಪ್ರತಿ ಮೇಜಿನಿಂದ ನೇರವಾಗಿ ಅಲ್ಲಿಗೇ ಕೇಬಲ್, ಪೂರ್ಣ ತಾಮ್ರದ್ದು. ಎಲ್ಲಿ ಒಂದು ಮೇಜಿದೆಯೋ ಅಲ್ಲಿಗೆ ಎರಡು ಕೇಬಲ್ ಎಳೆದೆವು. ಎಳೆಯುವ ಕೂಲಿಯೇ ಹೆಚ್ಚು, ಕೇಬಲ್ ಅಲ್ಲ. ಗೋಡೆಯ ಪೆಟ್ಟಿಗೆಯಿಂದ ಪ್ಯಾನೆಲ್‌ವರೆಗೆ 90 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡ್ ಎಂಬ ಗಿಡ್ಡ ತಂತಿಗಳು ಸೇರಿ 100 ಮೀಟರ್ ಎಂಬುದು ಮಿತಿ. ಇಲ್ಲಿ ಯಾವುದೂ 40 ದಾಟಲಿಲ್ಲ.

ಪಂಚ್ ಮಾಡುವಾಗ ನಾನು ಜಗಳವಾಡುವುದು ಒಂದೇ ವಿಷಯಕ್ಕೆ. ಬಣ್ಣದ ಕ್ರಮವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆದರೆ ಕೆಲಸ ಸುಲಭವಾಗಲೆಂದು ಎರಡು ಮೂರು ಇಂಚು ತಿರುಚನ್ನು ಬಿಚ್ಚಿಬಿಡುತ್ತಾರೆ. ಜೋಡಿಯ ತಿರುಚೇ ಅದರ ರಕ್ಷಣೆ. ಬಿಚ್ಚುವುದು ಅರ್ಧ ಇಂಚನ್ನು ಮೀರಬಾರದು. ನನ್ನ ಜೊತೆಗಿದ್ದ ಎಲೆಕ್ಟ್ರಿಷಿಯನ್ ತನ್ನ ಮೊದಲ ಎರಡು ಪೆಟ್ಟಿಗೆಗಳನ್ನು ನನ್ನಿಂದ ಬೈಸಿಕೊಂಡು ಮತ್ತೆ ಮಾಡಿದ, ಆಮೇಲಿನವು ನನ್ನವಕ್ಕಿಂತ ಚೆನ್ನಾಗಿದ್ದವು. ಸೀಲಿಂಗ್‌ನೊಳಗೆ ಜಿಐ ಪೈಪ್ ಹಾಕಿಸಿದೆ, ಇಲಿಗಾಗಿ. ಔಷಧ ಮಳಿಗೆಯಲ್ಲಿ ಗ್ಲೂಕೋಸ್, ಮಕ್ಕಳ ಆಹಾರದ ಡಬ್ಬಿ ಇರುವವರೆಗೆ ಇಲಿ ಇರುತ್ತದೆ.

ಕೆಲಸ ಮುಗಿದು ಐಪರ್ಫ್ ಓಡಿಸಿದಾಗ ಎಲ್ಲ ಕಡೆ 940ರ ಆಸುಪಾಸು, ಒಂದು ಕಡೆ ಮಾತ್ರ 94. ಕೇಬಲನ್ನು ಶಂಕಿಸುವ ಮೊದಲು ಆ ಕಂಪ್ಯೂಟರಿನ ಬೆನ್ನು ನೋಡಿದೆವು. ಅದರ ನೆಟ್‌ವರ್ಕ್ ಕಾರ್ಡೇ 100ರದು. ಕೆಲವು ನೂರು ರೂಪಾಯಿಯ ಗಿಗಾಬಿಟ್ ಕಾರ್ಡ್ ಹಾಕಿ ಮುಗಿಸಿದೆವು. ಈಗ ಬಿಲ್ಲಿನ ಸಾಲು ಸರ್ವರ್ ಮುಂದೆ ಕುಳಿತಾಗ ಆಗುವಷ್ಟೇ ಬೇಗ ಆಗುತ್ತದೆ, ಅಥವಾ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಓಣಿಯಾಚೆಯ ಗೋದಾಮು

ಗೋದಾಮಿಗೆ ತಾಮ್ರದ ಕೇಬಲ್ ಓಣಿಯ ಮೇಲೆ ತೂಗಾಡುತ್ತಿತ್ತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಶುರುವಾದರೆ ಆ ತುದಿಯ ಸ್ವಿಚ್ ಸುಡುವುದು ಇಲ್ಲಿಯವರಿಗೆ ವಾರ್ಷಿಕ ಖರ್ಚಿನ ಬಾಬತ್ತಾಗಿತ್ತು. ಸಿಡಿಲು ನೇರವಾಗಿ ಹೊಡೆಯಬೇಕಾಗಿಲ್ಲ, ಹತ್ತಿರ ಬಿದ್ದರೂ ಉದ್ದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆಯಾಗಿರುವುದು ಇನ್ನೊಂದು ತೊಂದರೆ. ಹಾಗಾಗಿ ಅಲ್ಲಿಗೆ ಸಿಂಗಲ್ ಮೋಡ್ ಆಪ್ಟಿಕಲ್ ಫೈಬರ್ ಹಾಕಿದೆವು, ಎರಡೂ ತುದಿಯ ಸ್ವಿಚ್‌ನಲ್ಲಿ 1,310 ನ್ಯಾನೋಮೀಟರ್‌ನ ಎಸ್‌ಎಫ್‌ಪಿ, ಅಂದರೆ ವಿದ್ಯುತ್ ಸಂಕೇತವನ್ನು ಬೆಳಕಾಗಿ ಬದಲಿಸುವ ಪುಟ್ಟ ಮಾಡ್ಯೂಲ್. ಈ ಜಾತಿಯ ಎಸ್‌ಎಫ್‌ಪಿ 10 ಕಿಲೋಮೀಟರ್ ಓಡಬಲ್ಲದು, ನಮಗೆ ಬೇಕಾದದ್ದು ಒಂದು ಓಣಿ. ಆದರೂ ಹತ್ತಿರದ ದೂರಕ್ಕೆ ಬಳಸುವ ಮಲ್ಟಿಮೋಡ್ ಫೈಬರ್‌ಗಿಂತ ಇದೇ ವಾಸಿ, ಏಕೆಂದರೆ ಮನೆಮನೆಗೆ ಫೈಬರ್ ಎಳೆಯುವವರು ಊರ ತುಂಬ ಇದ್ದಾರೆ, ಅವರ ಬಳಿ ಇರುವ ಕೇಬಲ್, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ, ಕನೆಕ್ಟರ್ ಎಲ್ಲ ಸಿಂಗಲ್ ಮೋಡ್‌ನವು. ನಾಳೆ ತುಂಡಾದರೆ ಒಂದು ಫೋನ್ ಕರೆಗೆ ಜನ ಬರುತ್ತಾರೆ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರ ಬೇಕು. ಮನೆಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಹೆಚ್ಚಾಗಿ ಬಲಕ್ಕಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಸಿಡಿಲಿಗೆ ಹೆದರಿ ಫೈಬರ್ ಹಾಕಿ, ಜೊತೆಗೆ ಉಕ್ಕಿನ ತಂತಿಯನ್ನು ಕಟ್ಟಡದೊಳಕ್ಕೆ ಕರೆದುಕೊಂಡು ಬಂದರೆ ಮಾಡಿದ್ದೆಲ್ಲ ವ್ಯರ್ಥ. ಲೋಹವಿಲ್ಲದ, ಗಾಜಿನ ನಾರಿನ ಕಡ್ಡಿ ಇರುವ ಕೇಬಲ್ ಕೇಳಿ ತರಿಸಿದೆವು. ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಫೈಬರ್‌ನ ತುದಿಗೆ ಕಣ್ಣಿಟ್ಟು ನೋಡಬೇಡಿ ಎಂದು ಗೋದಾಮಿನ ಹುಡುಗರಿಗೆ ಹೇಳಿದ ಮೇಲೆ ಅವರಲ್ಲೊಬ್ಬ ಕೂಡಲೇ ನೋಡಲು ಹೋದ. ಪುಣ್ಯಕ್ಕೆ ಆಚೆ ತುದಿಯನ್ನು ಇನ್ನೂ ಚುಚ್ಚಿರಲಿಲ್ಲ.

ಇಂಟರ್ನೆಟ್ ಬೇಕಾಗುವ ಜಾಗ

ಬಿಲ್ ಬೇಗ ಆಗತೊಡಗಿದ ಮೇಲೆ ಹೊಸ ದೂರು ಮೇಲೆದ್ದಿತು: ಇ-ಇನ್‌ವಾಯ್ಸ್ ಸಂಖ್ಯೆ ಬರುವುದು ತಡ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರೆಲ್ಲ ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಕಳಿಸಿ ಸಂಖ್ಯೆ ಪಡೆಯಬೇಕು, 50 ಸಾವಿರ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಸಹ ಬೇಕು. ಈ ಒಂದು ಹೆಜ್ಜೆಗೆ ಮಾತ್ರ ಇಂಟರ್ನೆಟ್ ನಿಜಕ್ಕೂ ಬೇಕು.

ಲೈನ್ ಖಾಲಿ ಇರುವಾಗ ಬೆಂಗಳೂರಿಗೆ ಪಿಂಗ್ 10 ಮಿಲಿಸೆಕೆಂಡಿನ ಹತ್ತಿರ. ಸಂಜೆ ಬ್ಯಾಕಪ್ ಕ್ಲೌಡ್‌ಗೆ ಏರತೊಡಗಿದರೆ, ಯಜಮಾನರು ಮನೆಯಿಂದ ಕ್ಯಾಮೆರಾ ತೆರೆದರೆ, ಅದೇ ಪಿಂಗ್ ಅರ್ಧ ಸೆಕೆಂಡಿಗೆ ಏರುತ್ತದೆ. ಮೋಡೆಮ್ ತನ್ನ ಹೊಟ್ಟೆಯಲ್ಲಿ ಉದ್ದದ ಸರದಿ ಇಟ್ಟುಕೊಂಡು ಯಾವ ಪ್ಯಾಕೆಟನ್ನೂ ಬೀಳಿಸದೆ ಕಾಯಿಸುವುದರ ಫಲ ಇದು. ಸರದಿಯ ಯಜಮಾನಿಕೆಯನ್ನು ಮೋಡೆಮ್‌ನಿಂದ ಕಿತ್ತುಕೊಳ್ಳಬೇಕು. ಮೈಕ್ರೋಟಿಕ್ ಕಂಪನಿಯ ಒಂದು ಚಿಕ್ಕ ರೂಟರ್ ಹಾಕಿ, ಅದರ ತಂತ್ರಾಂಶವಾದ ರೂಟರ್‌ಓಎಸ್ 7ರಲ್ಲಿ ಬಂದಿರುವ ಕೇಕ್ ಎಂಬ ಸರದಿ ವಿಧಾನವನ್ನು ಆರಿಸಿ, ಏರುವ ವೇಗವನ್ನು ಲೈನ್‌ನ ನಿಜವಾದ ವೇಗದ ಶೇಕಡ 90ಕ್ಕೆ ಕಟ್ಟಿದೆ. ಹತ್ತು ಭಾಗ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಬ್ಯಾಕಪ್ ಓಡುತ್ತಿರುವಾಗಲೂ ಪಿಂಗ್ 20 ದಾಟುವುದಿಲ್ಲ. ಪೋರ್ಟಲೇ ತಡ ಮಾಡಿದರೆ ನಾವೇನೂ ಮಾಡಲಾಗದು, ಅದು ಬೇರೆ. ಕ್ಯಾಮೆರಾಗಳನ್ನು ಬೇರೊಂದು ವಿಎಲ್ಎಎನ್‌ಗೆ, ಅಂದರೆ ಅದೇ ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲಕ್ಕೆ, ಹಾಕಿದೆ. ಹಳೆಯ ಮೋಡೆಮ್-ರೂಟರ್‌ಗೆ ಈಗ ಮೋಡೆಮ್ ಕೆಲಸ ಮಾತ್ರ.

ಸಾಗರದ ಶಾಖೆ

ಸಾಗರದವರು ಇಂಟರ್ನೆಟ್ ಮೇಲಿನ ಖಾಸಗಿ ದಾರಿಯಾದ ವಿಪಿಎನ್ ಮೂಲಕ ಇದೇ ಕಡತಗಳನ್ನು ತೆರೆಯುತ್ತಿದ್ದರು, ಅಥವಾ ತೆರೆಯಲು ಯತ್ನಿಸಿ ಚಹಾ ಕುಡಿಯಲು ಹೋಗುತ್ತಿದ್ದರು. ಊರುಗಳ ನಡುವೆ ಇರುವುದು 70 ಚಿಲ್ಲರೆ ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು 5 ಮೈಕ್ರೋಸೆಕೆಂಡು ಸಾಕು, ಹೋಗಿ ಬರಲು ಒಂದು ಮಿಲಿಸೆಕೆಂಡೂ ಬೇಡ. ಆದರೆ ಎರಡು ಕಡೆಯ ಇಂಟರ್ನೆಟ್ ಕಂಪನಿಗಳು ಬೇರೆ. ಸಾಗರದ ಪ್ಯಾಕೆಟ್ ಬೆಂಗಳೂರನ್ನು ಮುಟ್ಟಿಯೇ ಶಿವಮೊಗ್ಗಕ್ಕೆ ಬರುತ್ತದೆ. ಹೋಗಿ ಬರಲು 30 ಮಿಲಿಸೆಕೆಂಡು, 400 ವಿನಂತಿ, ಒಂದು ಸಾಲಿಗೆ 12 ಸೆಕೆಂಡು. ಇಲ್ಲಿ ಯಾವ ಸ್ವಿಚ್ಚೂ ಯಾವ ಕೇಬಲ್ಲೂ ನೆರವಿಗೆ ಬರುವುದಿಲ್ಲ. ಇದೇ ಕಾಯಿಲೆಗೆಂದು ರಿವರ್‌ಬೆಡ್‌ನಂತಹ ಕಂಪನಿಗಳು ಎರಡೂ ತುದಿಯಲ್ಲಿ ಇಡುವ ಪೆಟ್ಟಿಗೆಗಳನ್ನು ಮಾಡಿದವು. ಕಡತದ ಮುಂದಿನ ಭಾಗವನ್ನು ಮೊದಲೇ ಊಹಿಸಿ ತಂದಿಟ್ಟು, ಶಾಖೆಯ ಕಂಪ್ಯೂಟರಿಗೆ ಪಕ್ಕದಿಂದಲೇ ಉತ್ತರ ಕೊಡುವ ಜಾಣ ಸಾಧನಗಳು ಅವು. ಅವುಗಳ ಬೆಲೆ ದೊಡ್ಡ ಕಂಪನಿಗಳಿಗೆ ಸರಿ, ಔಷಧ ಮಳಿಗೆಗೆ ಅಲ್ಲ. ಮೇಲಾಗಿ ಹಲವರು ಒಟ್ಟಿಗೆ ಬರೆಯುವ ಕಡತದಲ್ಲಿ ಊಹೆಗೆ ಅವಕಾಶ ಕಡಿಮೆ.

ಲೆಕ್ಕ ಮಾಡುವ ಕಂಪ್ಯೂಟರನ್ನೇ ಕಡತದ ಪಕ್ಕಕ್ಕೆ ತಂದರೆ ಸಮಸ್ಯೆಯೇ ಇಲ್ಲ. ಮಹಡಿಯಲ್ಲಿ ವಿಂಡೋಸ್ ಪ್ರೊ ಇರುವ ಒಂದು ಹಳೆಯ ಕಂಪ್ಯೂಟರನ್ನು ಸಾಗರಕ್ಕೆಂದೇ ಮೀಸಲಿಟ್ಟೆವು. ಅವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದನ್ನು ನಡೆಸುತ್ತಾರೆ, ದಾರಿಯಲ್ಲಿ ಸಾಗುವುದು ಪರದೆಯ ಚಿತ್ರ ಮತ್ತು ಕೀಲಿಗಳ ಒತ್ತು ಮಾತ್ರ. 30 ಮಿಲಿಸೆಕೆಂಡು ಕಣ್ಣಿಗೆ ತಿಳಿಯುವುದೇ ಇಲ್ಲ. ಒಂದು ಯಂತ್ರದಲ್ಲಿ ಒಮ್ಮೆಗೆ ಒಬ್ಬರು ಎಂಬುದು ಪ್ರೊ ಆವೃತ್ತಿಯ ಮಿತಿ. ಅಲ್ಲಿ ಬಿಲ್ ಹಾಕುವವರು ಒಬ್ಬರೇ ಆದ್ದರಿಂದ ಸಾಕಾಯಿತು, ಹೆಚ್ಚು ಜನರಿದ್ದರೆ ವಿಂಡೋಸ್ ಸರ್ವರ್ ಮತ್ತು ಅದರ ಪರವಾನಗಿಗಳ ಲೆಕ್ಕ ಬರುತ್ತದೆ. ದಾರಿ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗದೊಳಗಿನದು, ಎರಡೂ ಕಡೆಯ ರೂಟರ್‌ನಲ್ಲೇ. ಮುಖ್ಯ ಮಳಿಗೆಗೆ ಸ್ಥಿರ ಐಪಿ ವಿಳಾಸ ಕೊಂಡೆವು. ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು (ಇದು ತಂತಿ ಚುಚ್ಚುವ ಜಾಗವಲ್ಲ, ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ) ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟು ಕೆಲಸ ಮುಗಿಸುವವರಿದ್ದಾರೆ. ಕಡತಗಳಿಗೆಲ್ಲ ಬೀಗ ಬಿದ್ದು ಹಣದ ಬೇಡಿಕೆಯ ಚೀಟಿ ಪರದೆಯ ಮೇಲೆ ಬರುವುದು ಹೆಚ್ಚಾಗಿ ಅಂಥಲ್ಲಿಯೇ.

ಬೇಡವೆಂದು ಬಿಟ್ಟವು

ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಜೋಡಿಸಿ ವೇಗ ಇಮ್ಮಡಿ ಮಾಡೋಣ ಎಂಬ ಸಲಹೆ ಬಂತು. ಅಂಥ ಜೋಡಣೆಯಲ್ಲಿ ಒಂದು ಕಂಪ್ಯೂಟರಿನ ಒಂದು ಸಂಪರ್ಕ ಒಂದೇ ತಂತಿಯಲ್ಲಿ ಹೋಗುತ್ತದೆ, ಕಾಯುವ ಸಮಯ ಎಳ್ಳಷ್ಟೂ ಇಳಿಯುವುದಿಲ್ಲ. ದೊಡ್ಡ ಪ್ಯಾಕೆಟ್‌ಗಳನ್ನು ಕಳಿಸುವ ಜಂಬೋ ಫ್ರೇಮ್ ಬೇಡ, ನಮ್ಮ ವಿನಂತಿಗಳೇ ಪುಟ್ಟವು. ಹತ್ತು ಗಿಗಾಬಿಟ್ ಬೇಡ. ಬಿಲ್ಲಿಂಗ್ ಮೇಜುಗಳಿಗೆ ವೈಫೈ ಖಂಡಿತ ಬೇಡ. ಗಾಳಿಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಮೇಲಾಗಿ ಅಕ್ಕಪಕ್ಕದ ಅಂಗಡಿಗಳ ವೈಫೈಗಳೂ ಅದೇ ಗಾಳಿಯಲ್ಲಿವೆ. ಸಂಪರ್ಕ ಬರೆಯುವ ನಡುವೆ ಕಡಿದರೆ ಸೂಚಿ ಕಡತ ಹಾಳು. ಮಾರಾಟ ಪ್ರತಿನಿಧಿಗಳು ಮೊಬೈಲ್‌ನಲ್ಲಿ ಸ್ಟಾಕ್ ನೋಡಲು ಮಾತ್ರ ಒಂದು ಆಕ್ಸೆಸ್ ಪಾಯಿಂಟ್ ಕೊಟ್ಟೆವು.

ಸೂಚಿ ಕಡತದ ಮಾತು ಬಂದದ್ದರಿಂದ ಯುಪಿಎಸ್ ಬಗ್ಗೆ. ಮೊದಲು ಸರ್ವರ್ ಮತ್ತು ಕಂಪ್ಯೂಟರ್‌ಗಳು ಯುಪಿಎಸ್‌ನಲ್ಲಿದ್ದವು, ಮೇಜಿನ ಕೆಳಗಿನ ಸ್ವಿಚ್‌ಗಳು ಇರಲಿಲ್ಲ. ಕರೆಂಟ್ ಕಣ್ಣು ಮಿಟುಕಿಸಿದರೆ ಎಲ್ಲರ ಪರದೆಯೂ ಬೆಳಗುತ್ತಲೇ ಇರುತ್ತದೆ, ನಡುವಿನ ದಾರಿ ಮಾತ್ರ ಕಡಿದು ಹೋಗಿರುತ್ತದೆ. ತಿಂಗಳಿಗೊಮ್ಮೆ ರೀಇಂಡೆಕ್ಸ್ ಮಾಡುವ (ಸೂಚಿ ಕಡತವನ್ನು ಹೊಸದಾಗಿ ಕಟ್ಟುವ) ಸಂಪ್ರದಾಯ ಇವರಲ್ಲಿ ಬೆಳೆದಿದ್ದರ ಮೂಲ ಇಲ್ಲಿರಬೇಕೆಂದು ನನ್ನ ಅಂದಾಜು. ಈಗ ರ‍್ಯಾಕ್ ಪೂರ್ತಿ ಸರ್ವರ್‌ನ ಯುಪಿಎಸ್‌ನಲ್ಲೇ ಇದೆ. ತಂತಿಯಲ್ಲಿ ಸುತ್ತು ಬಿದ್ದರೆ ಗುರುತಿಸಿ ತಡೆಯುವ ಆರ್‌ಎಸ್‌ಟಿಪಿಯನ್ನು ಸ್ವಿಚ್‌ನಲ್ಲಿ ಚಾಲೂ ಮಾಡಿದೆ, ಕಸ ಗುಡಿಸುವಾಗ ಬಿದ್ದಿದ್ದ ತಂತಿಯ ಎರಡೂ ತುದಿಯನ್ನು ಯಾರಾದರೂ ಒಂದೇ ಕಡೆ ಚುಚ್ಚಿದರೆ ಇಡೀ ಮಳಿಗೆ ನಿಲ್ಲದಿರಲೆಂದು. ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನು ಎಡ್ಜ್ (ತುದಿಯ ಪೋರ್ಟ್) ಎಂದು ಗುರುತಿಸಿದರೆ ಅವು ಈ ತಪಾಸಣೆಗೆ ಕಾಯದೆ ಕೂಡಲೇ ತೆರೆಯುತ್ತವೆ, ಬೆಳಿಗ್ಗೆ ಆನ್ ಮಾಡಿದಾಗ ಹಂಚಿದ ಡ್ರೈವ್ ಸಿಗದೆ ಕೆಂಪು ಗುರುತು ಬರುವುದೂ ತಪ್ಪುತ್ತದೆ.

ಒಟ್ಟು ಖರ್ಚು ಹೊಸ ಸರ್ವರ್‌ನ ಕೊಟೇಶನ್‌ನ ಅರ್ಧಕ್ಕಿಂತ ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಕೇಬಲ್ ಎಳೆದ ಕೂಲಿ ಮತ್ತು ಪೈಪಿನದು. ಪ್ಯಾನೆಲ್‌ನ ಸಂಖ್ಯೆಯನ್ನೇ ಪ್ರತಿ ಮೇಜಿನ ಪೆಟ್ಟಿಗೆಯ ಮೇಲೂ ಅಂಟಿಸಿ, ನಕ್ಷೆಯ ಒಂದು ಪ್ರತಿಯನ್ನು ರ‍್ಯಾಕ್‌ನ ಬಾಗಿಲ ಒಳಗಡೆ ಹಚ್ಚಿದೆ. ಉಳಿದಿರುವುದು ಗೋದಾಮಿನ ಸ್ವಿಚ್‌ಗೆ ಪ್ರತ್ಯೇಕ ಯುಪಿಎಸ್ ಮತ್ತು ಒಂದು ಹೆಚ್ಚುವರಿ ಎಸ್‌ಎಫ್‌ಪಿ ತಂದಿಡುವುದು. ಎರಡನ್ನೂ ಗುಡುಗು ಶುರುವಾಗುವ ಮೊದಲೇ ಕೊಡಿಸುವುದಾಗಿ ಯಜಮಾನರು ಒಪ್ಪಿದ್ದಾರೆ. ಬಿಲ್ ಬೇಗ ಆದರೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಿಧಾನವಾಗಿಯೇ ಕಿರುಗುಟ್ಟುತ್ತದೆಯಲ್ಲ ಎಂದು ಕೌಂಟರಿನವರು ಕೇಳಿದ್ದಾರೆ. ಅದಕ್ಕೆ ಸ್ವಿಚ್‌ನಲ್ಲಿ ಔಷಧವಿಲ್ಲ.